ಮನೆಯವರಿಗೂ ಹೇಳದ ಲೆಕ್ಕ

ಕೆಫೆ ಕಾಫಿ ಡೇ ಅಂದ್ರೆ ಬೆಂಗಳೂರಿನಲ್ಲಿ ನಮ್ಮ ವಯಸ್ಸಿನವರಿಗೆಲ್ಲ ಒಂದೊಂದು ನೆನಪಿದೆ. ಮೊದಲ ಇಂಟರ್‌ವ್ಯೂ ಮುಗಿಸಿ ಕೂತ ಜಾಗ, ಅಪ್ಪ-ಅಮ್ಮ ಜೊತೆಗಿಲ್ಲದೆ ಹುಡುಗಿ ನೋಡಿದ ಜಾಗ, ಒಂದೇ ಕ್ಯಾಪುಚಿನೋಗೆ ಮೂರು ಗಂಟೆ ಎದ್ದೇಳದ ಜಾಗ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಅಂಗಡಿ ಶುರುವಾದಾಗ ಅಲ್ಲಿ ಕಾಫಿ ಜೊತೆ ಇಂಟರ್ನೆಟ್ಟೂ ಸಿಗ್ತಿತ್ತು. ದರ್ಶಿನಿಯಲ್ಲಿ ನಿಂತು ಬೈಟು ಕುಡಿಯೋ ಊರಿಗೆ ಕೂತು ಕುಡಿಯೋದನ್ನ ಕಲಿಸಿದ್ದು ಚಿಕ್ಕಮಗಳೂರಿನ ತೋಟದ ಮನೆಯ ಹುಡುಗ ವಿ.ಜಿ. ಸಿದ್ಧಾರ್ಥ.

2019ರ ಜುಲೈ ಕೊನೆಯಲ್ಲಿ ಅವರು ತೀರಿಕೊಂಡಾಗ ಎರಡು ಥರದ ಮಾತು ಕೇಳಿಬಂತು. ಮಿತಭಾಷಿ, ಆಡಂಬರವಿಲ್ಲದವರು, ಅಪ್ಪಟ ಸಂಸಾರಸ್ಥ ಅಂತ ಒಂದು. ಸಾಲದ ಲೆಕ್ಕ ಇನ್ನೊಂದು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನೋರು ಮೊದಲನೆಯದನ್ನು ಹಿಡಿದುಕೊಂಡರು, ಬ್ಯಾಲೆನ್ಸ್ ಶೀಟ್ ಓದಬಲ್ಲವರು ಎರಡನೆಯದನ್ನು. ನನ್ನನ್ನು ಕಾಡಿದ್ದು ಇವೆರಡೂ ಒಂದಕ್ಕೊಂದು ತಾಗುವ ಜಾಗ. ಅವರದ್ದೆಂದು ಹೊರಬಂದ ಪತ್ರದಲ್ಲಿ ತಪ್ಪಿಗೆಲ್ಲ ತಾನೊಬ್ಬನೇ ಹೊಣೆ, ಈ ವಿಷಯವನ್ನು ಎಲ್ಲರಿಂದ, ಮನೆಯವರಿಂದಲೂ ಮುಚ್ಚಿಟ್ಟಿದ್ದೆ ಎಂಬರ್ಥದ ಮಾತಿತ್ತು.

ಮನೆಯವರಿಂದಲೂ! ಹೆಂಡತಿ ಮಕ್ಕಳನ್ನು ಅಷ್ಟು ಹಚ್ಚಿಕೊಂಡ ಮನುಷ್ಯ ಬದುಕಿನ ಅತಿ ದೊಡ್ಡ ಸಂಗತಿಯನ್ನು ಅವರಿಗೇ ಹೇಳದೆ ಇಟ್ಟುಕೊಂಡರೆ ಅದು ಪ್ರೀತಿಯಾ?

ಹೌದು ಅನ್ನಲಿಕ್ಕೆ ಕಾರಣವಿದೆ. ಗೊತ್ತಿಲ್ಲದವರನ್ನು ಕಾನೂನು ಹಿಡಿಯೋದು ಕಷ್ಟ. ಹಾಗೆ ಬರೆದದ್ದು ಉಳಿದವರನ್ನು ಕಾಪಾಡುವ ಕೊನೆಯ ಪ್ರಯತ್ನವೂ ಇರಬಹುದು. ಆದರೆ ಆ ಮೌನದ ಬೆಲೆಯನ್ನು ಬೇರೆಯವರೂ ತೆತ್ತರು. ಕಾಫಿ ಡೇ ಅಂಗಸಂಸ್ಥೆಗಳಿಗೆ ಅವರ ಖಾಸಗಿ ಎಸ್ಟೇಟ್ ಕಂಪನಿಯಿಂದ 2,693 ಕೋಟಿ ರೂಪಾಯಿ ಬರಬೇಕಿದೆ ಅಂತ 2020ರ ಜುಲೈನಲ್ಲಿ ತನಿಖಾ ವರದಿ ಹೇಳಿತು. ಅದರ ಹಿಂದೆ ಷೇರುದಾರರಿದ್ದಾರೆ, ಸಂಬಳ ನಂಬಿದ ಹುಡುಗ-ಹುಡುಗಿಯರಿದ್ದಾರೆ. ಒಳ್ಳೇ ಅಪ್ಪ ಅನ್ನೋ ಸರ್ಟಿಫಿಕೇಟು ಅವರಿಗೆ ಯಾವ ಉತ್ತರವನ್ನೂ ಕೊಡಲ್ಲ.

ಇದು ಕೋಟಿಗಳವರ ಸಮಸ್ಯೆ ಅಂತ ನಾನೂ ಅಂದ್ಕೊಂಡಿದ್ದೆ. ಆಮೇಲೆ ಗೆಳೆಯನೊಬ್ಬನ ಕೆಲಸ ಹೋಯ್ತು. ಮನೇಲಿ ಹೇಳಲಿಲ್ಲ. ಐದು ವಾರ ಬೆಳಿಗ್ಗೆ ಎಂಟೂವರೆಗೆ ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ಹೊರಟು ಕೆಫೆಯಲ್ಲಿ ಕೂರ್ತಿದ್ದ. "ಅವಳಿಗ್ಯಾಕೆ ಟೆನ್ಷನ್ ಕೊಡ್ಲಿ ಮಾರಾಯ" ಅಂದ. ಪಾಪ, ಅನ್ನಿಸ್ತು. ಅದರ ಜೊತೆಗೇ, ಇವನು ಹೆಂಡತಿಯನ್ನು ಚಿಕ್ಕ ಮಗು ಅಂದ್ಕೊಂಡಿದ್ದಾನಾ ಅಂತಲೂ ಅನ್ನಿಸ್ತು. ಅವಳು ತಾಳಲಾರಳು ಅಂತ ಇವನೊಬ್ಬನೇ ತೀರ್ಮಾನಿಸಿದ್ದ. ನಾವು ಗಂಡಸರು ಇದನ್ನು ಜವಾಬ್ದಾರಿ ಅಂತ ಕರೀತೀವಿ. ನನ್ನ ಪ್ರಕಾರ ಅದರಲ್ಲಿ ಮುಕ್ಕಾಲು ಪಾಲು ಅಹಂಕಾರ, ಸೋತ ಮುಖ ತೋರಿಸಲಾರದ ಅಹಂಕಾರ.

ತಾಳುವ ವಿಷಯಕ್ಕೆ ಬಂದರೆ, ಸಿದ್ಧಾರ್ಥ ಅವರ ಪತ್ನಿ ಮಾಳವಿಕಾ ಹೆಗ್ಡೆ 2020ರ ಡಿಸೆಂಬರಿನಲ್ಲಿ ಕಂಪನಿಯ ಸಿಇಒ ಆದರು. ಗ್ಲೋಬಲ್ ವಿಲೇಜ್ ಟೆಕ್ ಪಾರ್ಕಿನಂಥ ಆಸ್ತಿ ಮಾರಾಟವಾಗಿ, ಸಾಲ ಸಾವಿರಾರು ಕೋಟಿ ಇಳಿಯಿತು. ಮೊದಲೇ ಹೇಳಿದ್ದರೆ ಎಲ್ಲ ಸರಿಹೋಗ್ತಿತ್ತು ಅಂತ ನಾನು ಹೇಳಲಾರೆ. ಸತ್ತವರ ಮನಸ್ಸಿನೊಳಗೆ ಹೊಕ್ಕು ತೀರ್ಪು ಕೊಡುವ ಹಕ್ಕು ನನಗಿಲ್ಲ. ಹೊತ್ತುಕೊಳ್ಳಬಲ್ಲವರು ಮನೆಯಲ್ಲೇ ಇದ್ದರು, ಅಷ್ಟನ್ನು ಮಾತ್ರ ಹೇಳಬಲ್ಲೆ.

ನನ್ನ ಗೆಳೆಯ ಆರನೇ ವಾರ ಹೇಳಿದ. ಹೆಂಡತಿ ಎರಡು ದಿನ ಮಾತು ಬಿಟ್ಟಳಂತೆ. ಮೂರನೇ ದಿನ ಅವಳು ಅಂದಿದ್ದು ಇಷ್ಟೇ: "ಕೆಲಸ ಹೋಗಿದ್ದಕ್ಕಲ್ಲ ಕಣೋ ಸಿಟ್ಟು. ಐದು ವಾರ ದಿನಾ ಎದ್ದು ಡಬ್ಬಿ ಕಟ್ಟಿದೀನಲ್ಲ, ಅದಕ್ಕೆ."