ದೋಷವಿದ್ದೂ ಕಾಡುವ ಸಿನಿಮಾ

ಕಥೆ ಸಡಿಲ, ಪೋಷಕ ನಟರಲ್ಲಿ ಕೆಲವರದು ಪೇಲವ ಅಭಿನಯ, ಎಷ್ಟೋ ಕಡೆ ಮಾತಿಗೂ ತುಟಿಗೂ ಹೊಂದಿಕೆಯಿಲ್ಲ. ಆದರೂ ಒಂದು ಸಿನಿಮಾ ಬಿಡದೆ ಕಾಡುತ್ತದೆ. ಹಾಗಾದರೆ ನಾವು ಅದರ ದೋಷಗಳನ್ನು ಮನ್ನಿಸುತ್ತಿದ್ದೇವೆಯೋ, ಆ ದೋಷಗಳಿಂದಲೇ ಏನನ್ನೋ ಪಡೆಯುತ್ತಿದ್ದೇವೆಯೋ? 1962ರ ಅಮೆರಿಕನ್ ಭಯಾನಕ ಚಿತ್ರ ‘ಕಾರ್ನಿವಲ್ ಆಫ್ ಸೋಲ್ಸ್’ ಅನ್ನು ಡಿಸ್ಕ್ ಹಾಕಿ ಮತ್ತೊಮ್ಮೆ ನೋಡಿದಾಗ ನನ್ನನ್ನು ಹಿಡಿದು ನಿಲ್ಲಿಸುವ ಪ್ರಶ್ನೆ ಇದು.

ನಿರ್ದೇಶಕ ಹರ್ಕ್ ಹಾರ್ವಿ ಕಾನ್ಸಸ್‌ನ ಲಾರೆನ್ಸ್‌ನಲ್ಲಿ ಶೈಕ್ಷಣಿಕ, ಔದ್ಯಮಿಕ ಚಿತ್ರಗಳನ್ನು ತೆಗೆಯುತ್ತಿದ್ದವರು. ಯೂಟಾದ ಗ್ರೇಟ್ ಸಾಲ್ಟ್ ಲೇಕ್ ದಂಡೆಯಲ್ಲಿ ಪಾಳುಬಿದ್ದಿದ್ದ ಸಾಲ್ಟೇರ್ ವಿಹಾರಮಂದಿರವನ್ನು ಕಂಡದ್ದೇ ಈ ಚಿತ್ರಕ್ಕೆ ಪ್ರೇರಣೆ. ಸುಮಾರು 33,000 ಡಾಲರ್‌ನಲ್ಲಿ, ಮೂರೇ ವಾರಗಳಲ್ಲಿ ಚಿತ್ರೀಕರಣ ಮುಗಿಯಿತು. ಬಿಳಿಚಿದ ಮುಖದ ಪ್ರೇತದ ಪಾತ್ರವೂ ಹಾರ್ವಿಯವರದೇ. ಸೇತುವೆಯಿಂದ ಕಾರು ನದಿಗೆ ಬಿದ್ದ ಮೇಲೆ ಒಬ್ಬಳೇ ಎದ್ದು ಬರುವ ಮೇರಿ, ಚರ್ಚಿನಲ್ಲಿ ಆರ್ಗನ್ ನುಡಿಸುವ ಕೆಲಸಕ್ಕೆಂದು ಯೂಟಾಕ್ಕೆ ಹೋಗುತ್ತಾಳೆ. ಆ ಪ್ರೇತ ಬೆನ್ನು ಹತ್ತುತ್ತದೆ.

ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಸಂಸ್ಕೃತ ಕಾವ್ಯಮೀಮಾಂಸಕ ಅಭಿನವಗುಪ್ತ ಎಣಿಸುತ್ತಾನೆ. ಕಣ್ಣೆದುರಿನ ಸಂಗತಿ ಸಂಭವನೀಯ ಅನ್ನಿಸದಿರುವುದು ಅದರಲ್ಲಿ ಮೊದಲನೆಯದು. ಆ ಲೆಕ್ಕದಲ್ಲಿ ಈ ಚಿತ್ರ ಹೆಜ್ಜೆಹೆಜ್ಜೆಗೂ ಮುಗ್ಗರಿಸಬೇಕಿತ್ತು. ಆದರೆ ಬಟ್ಟೆ ಅಂಗಡಿಯ ದೃಶ್ಯವನ್ನು ಗಮನಿಸಿ. ಮೇರಿ ಹೊಸ ಉಡುಪು ತೊಟ್ಟು ನೋಡುತ್ತಿದ್ದಾಳೆ. ನೀರು ಕಲಕಿದಂತೆ ತೆರೆಯ ಮೇಲಿನ ಬಿಂಬ ಅಲುಗುತ್ತದೆ, ಸದ್ದೆಲ್ಲ ಅಡಗುತ್ತದೆ. ಅವಳು ಕರೆದರೆ ಯಾರೂ ತಿರುಗುವುದಿಲ್ಲ. ಅವಳು ಇದ್ದಾಳೆಂಬುದೇ ಯಾರಿಗೂ ತಿಳಿಯದು. ಹೊರಬಂದು ಉದ್ಯಾನ ಸೇರಿದ ಮೇಲೆ, ಅಲ್ಲಿ ಹಕ್ಕಿ ಕೂಗಿದಾಗಲಷ್ಟೇ ಲೋಕದ ದನಿ ಮರಳುತ್ತದೆ. ಚಿತ್ರದುದ್ದಕ್ಕೂ ಮಾತು ಬಾಯಿಗೆ ಅಂಟದೆ ತೇಲುತ್ತಿದ್ದದ್ದು ಇಲ್ಲಿ ಅರ್ಥ ಪಡೆಯುತ್ತದೆ. ಜನರೊಡನೆ ಬೆರೆಯಲಾರದವಳ ಲೋಕ ಕಿವಿಗೆ ಹಾಗೆಯೇ ಕೇಳಿಸಬೇಕು.

ಇದು ಹಾರ್ವಿಯವರ ಉದ್ದೇಶವಾಗಿರಲಿಲ್ಲ, ಕಾಸಿಲ್ಲದ ಕಾರಣ ಹಾಗಾಯಿತು ಎನ್ನಬಹುದು. ಇರಲಿ. ನಾವು ಅನುಭವಿಸುವುದು ಕೃತಿಯನ್ನು, ಕರ್ತೃವಿನ ಯೋಜನೆಯನ್ನಲ್ಲ. ಆದರೆ ಈ ಮಾತನ್ನೇ ಹಿಡಿದು ಎಲ್ಲ ದೋಷವನ್ನೂ ಗುಣವೆಂದು ಹೊಗಳುವುದು ಅಂಧಾಭಿಮಾನ. ಉದ್ಯಾನದಲ್ಲಿ ಎದುರಾದ ವೈದ್ಯ ಮೇರಿಯನ್ನು ಆಗಲೇ ತನ್ನ ಕೋಣೆಗೆ ಕರೆದೊಯ್ದು ಅವಳ ಮನಸ್ಸಿನ ಬಗ್ಗೆ ವಿವರಣೆ ಕೊಡುವ ದೃಶ್ಯ ನಿಜಕ್ಕೂ ದುರ್ಬಲ. ಅಲ್ಲಿಯ ಸಡಿಲತೆ ಮೇರಿಯ ಒಂಟಿತನಕ್ಕೆ ಏನನ್ನೂ ಸೇರಿಸದು, ಇದ್ದ ಬಿಗಿಯನ್ನೂ ಕಳೆಯುತ್ತದೆ. ಕೃತಿಯ ಒಳಸ್ಥಿತಿಯೊಂದಿಗೆ ಕೂಡಿಕೊಳ್ಳುವ ದೋಷ ಬೇರೆ, ಕೂಡಿಕೊಳ್ಳದ ದೋಷ ಬೇರೆ.

ಇವೆರಡನ್ನು ಬೇರ್ಪಡಿಸುವುದು ಮರುನೋಟ. ಈ ಚಿತ್ರಕ್ಕೆ ಅದರ ಅವಕಾಶ ಒದಗಿಬಂತು: ಕೃತಿಸ್ವಾಮ್ಯದ ಸೂಚನೆ ಬಿಟ್ಟುಹೋದದ್ದರಿಂದ ಈ ಚಿತ್ರ ಯಾರ ಸ್ವತ್ತೂ ಅಲ್ಲದೆ ಟೀವಿಯಲ್ಲಿ, ಕ್ಯಾಸೆಟ್ಟುಗಳಲ್ಲಿ ಅಲೆದು ಉಳಿದುಕೊಂಡಿತು. 2016ರಲ್ಲಿ ಕ್ರೈಟೀರಿಯನ್ ಎಂಬ ಸಂಸ್ಥೆ ಅದನ್ನು ಪುನರುಜ್ಜೀವಿತ ರೂಪದಲ್ಲಿ ಬ್ಲೂ-ರೇಗೆ ತಂದಿತು. ಮೊದಲ ಸಲ ನೋಡುವಾಗ ಮುಂದೇನು ಎಂಬ ಕುತೂಹಲವೇ ಅರ್ಧ ಕೆಲಸ ಮಾಡುತ್ತದೆ. ಕೊನೆ ಗೊತ್ತಿದ್ದು ಕುಳಿತಾಗ ಆ ಊರುಗೋಲು ಇಲ್ಲ. ಬೇಕೆಂದಲ್ಲಿ ನಿಲ್ಲಿಸಿ, ಹಿಂದಕ್ಕೆ ಹೋಗಿ, ಯಾವುದು ನಮ್ಮನ್ನು ಹಿಡಿಯಿತು, ಯಾವುದು ಕೈಬಿಟ್ಟಿತು ಎಂದು ಪರೀಕ್ಷಿಸಬಹುದು. ವೈದ್ಯನ ದೃಶ್ಯ ಪ್ರತಿಸಲವೂ ಸೋಲುತ್ತದೆ, ಅಂಗಡಿಯದು ಪ್ರತಿಸಲವೂ ಗೆಲ್ಲುತ್ತದೆ.

ಕುಂದಿಲ್ಲದಿರುವುದು ಕಲೆಯ ಒಂದು ಗುಣ ಮಾತ್ರ, ಅದೇ ಅಳತೆಗೋಲಲ್ಲ. ಕೃತಿಯ ಕುಂದನ್ನು ಕುಂದೆಂದೇ ಕರೆದು, ಆ ಕೃತಿ ಕಟ್ಟಿದ ಲೋಕಕ್ಕೆ ಮತ್ತೆ ಮತ್ತೆ ಮರಳುವವನೇ ಅದರ ನಿಜವಾದ ಅಭಿಮಾನಿ.