ಎಡಕ್ಕೆ ಹೋಗಬೇಕಾದರೆ

ಸೈಡ್ ಸ್ಟ್ಯಾಂಡ್ ಮಡಚಿ ಕೈಬಿಟ್ಟರೆ ಬೈಕು ಬೀಳುತ್ತದೆ. ಸಾಲ ಮಾಡಿ ತಂದ ಹೊಸದಾದರೂ ಸರಿ, ಗುಜರಿಯಿಂದ ಎತ್ತಿ ತಂದದ್ದಾದರೂ ಸರಿ. ಆಟೋಗೆ, ತರಕಾರಿಯ ತಳ್ಳುಗಾಡಿಗೆ, ಮಗುವಿನ ಮೂರು ಗಾಲಿ ಸೈಕಲ್ಲಿಗೆ ಇರುವ ಒಂದು ಕನಿಷ್ಠ ಯೋಗ್ಯತೆ, ಅಂದರೆ ತನ್ನಷ್ಟಕ್ಕೆ ತಾನು ನಿಂತಿರುವುದು, ಇದಕ್ಕಿಲ್ಲ. ಆದರೆ ಒಮ್ಮೆ ಗಂಟೆಗೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ವೇಗ ದಾಟಲಿ, ಆಮೇಲೆ ಬೀಳಿಸುತ್ತೇನೆಂದು ಹಟ ಹಿಡಿದರೂ ಸುಲಭಕ್ಕೆ ಬೀಳುವುದಿಲ್ಲ. ಕಾಲೇಜಿನ ದಿನಗಳಿಂದ ಎರಡು ಚಕ್ರದ ಮೇಲೇ ಓಡಾಡಿದ ನನಗೆ ಇದೊಂದು ವಿಷಯ ಅಂತಲೇ ಅನ್ನಿಸಿರಲಿಲ್ಲ. ಹಿಮಾಲಯನ್ 450 ಮನೆಗೆ ಬಂದ ಮೇಲೆ ಇದೇ ವಿಷಯವಾಗಿ ಕೂತಿದೆ.

ಹೊಸ ಗಾಡಿ ಕಂಡವರು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಬಿತ್ತು, ಎಷ್ಟು ಕೊಡುತ್ತೆ. ಪೆಟ್ರೋಲ್ ಬಂಕಿನ ಹುಡುಗ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಗಾಡಿ ಪೂಜೆಗೆ ಬಂದ ಭಟ್ಟರು, ಯಾರೂ ಇದಕ್ಕೆ ಹೊರತಲ್ಲ. ಚಕ್ರದಡಿ ನಿಂಬೆಹಣ್ಣು ಇಟ್ಟ ಭಟ್ಟರು ಮಂಗಳಾರತಿ ತಟ್ಟೆ ಕೆಳಗಿಡುವ ಮೊದಲೇ ಮೈಲೇಜ್ ವಿಚಾರಿಸಿದರು. ಮೂವತ್ತರ ಆಸುಪಾಸು ಅಂದೆ. ಹುಬ್ಬು ಏರಿಸಿ ಸುಮ್ಮನಾದರು. ಉಳಿದ ಅಂಕಿಗಳನ್ನೂ ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ. 452 ಸಿಸಿಯ ಒಂಟಿ ಸಿಲಿಂಡರ್, ಹಳೆಯ ಹಿಮಾಲಯನ್ನಿಗಿಲ್ಲದ ನೀರಿನ ಕೂಲಿಂಗು, ನಲವತ್ತು ಕುದುರೆಗಳ ಶಕ್ತಿ, ಆರು ಗೇರು, 17 ಲೀಟರಿನ ಟ್ಯಾಂಕು, ಮುಂದೆ 21 ಇಂಚಿನ ದೊಡ್ಡ ಚಕ್ರ. ಮೀಟರ್ ಇರಬೇಕಾದ ಕಡೆ ಗೂಗಲ್ ಮ್ಯಾಪು ತೋರಿಸುವ ಗುಂಡನೆಯ ಪರದೆ. ತೂಕ 196 ಕಿಲೋ.

ಈ ತೂಕದ ಪರಿಚಯ ಷೋರೂಮಿನಲ್ಲಿ ಆಗುವುದಿಲ್ಲ, ಮನೆಯ ಗೇಟಿನಲ್ಲಿ ಆಗುತ್ತದೆ. ಇಳಿಜಾರಿನ ಮೇಲೆ ಹಿಂದಕ್ಕೆ ತಳ್ಳಿ, ಅರ್ಧ ತಿರುಗಿಸಿ, ಹೂಕುಂಡ ತಪ್ಪಿಸಿ ಹೊರತರುವಷ್ಟರಲ್ಲಿ ತೊಡೆ ನಡುಗಿರುತ್ತದೆ. ಚೂರು ಹೆಚ್ಚು ವಾಲಿತೋ, ಹಿಡಿದು ನಿಲ್ಲಿಸುವ ತಾಕತ್ತು ನನ್ನ ವಯಸ್ಸಿಗಿಲ್ಲ. ಅಂಥ ಭಾರ ಕ್ಲಚ್ ಬಿಟ್ಟ ಮರುಕ್ಷಣ ಎಲ್ಲಿಗೆ ಹೋಗುತ್ತದೆ? ನಾಲ್ಕು ಮಾರು ದೂರ ಹೋಗುವುದರೊಳಗೆ ಆ 196 ಕಿಲೋ ಮಾಯವಾಗಿರುತ್ತದೆ. ಕೈಯ ಹಿಡಿತ ಸಡಿಲಿಸಿದರೂ ಗಾಡಿ ನೆಟ್ಟಗೆ ಹೋಗುತ್ತಿರುತ್ತದೆ. ಬೆಳಿಗ್ಗೆ ಗೇಟಿನಲ್ಲಿ ನನ್ನನ್ನು ಏದುಸಿರು ಬಿಡಿಸಿದ್ದು ಇದೇ ವಸ್ತು ಅಂತ ನಂಬುವುದು ಕಷ್ಟ.

ಮೊದಲ 500 ಕಿಲೋಮೀಟರ್ ಎಂಜಿನ್ ಎಳೆಯಬಾರದು ಅಂತ ಕಟ್ಟುನಿಟ್ಟು. ವೇಗಕ್ಕೆ ಕಡಿವಾಣ ಬಿದ್ದಾಗ ಮನಸ್ಸು ಬೇರೆಲ್ಲೋ ಕೈಹಾಕುತ್ತದಲ್ಲ, ಹಾಗೆ ನಾನು ನನ್ನ ಕೈಗಳನ್ನೇ ಗಮನಿಸತೊಡಗಿದೆ. ಮೈಸೂರು ರಸ್ತೆಯಲ್ಲಿ ಹದವಾಗಿ ಹೋಗುತ್ತ ಎಡಕ್ಕೆ ಬಾಗಬೇಕಾದಾಗ ನನ್ನ ಎಡಗೈ ಏನು ಮಾಡುತ್ತದೆ? ಹ್ಯಾಂಡಲಿನ ಎಡ ತುದಿಯನ್ನು ತನ್ನತ್ತ ಎಳೆದುಕೊಳ್ಳಬೇಕು, ಅದೇ ನ್ಯಾಯ. ಆದರೆ ಅದು ಮುಂದಕ್ಕೆ ತಳ್ಳುತ್ತಿದೆ. ಅಂದರೆ ಎಡಕ್ಕೆ ಹೋಗುವುದಕ್ಕೆ ಮುಂದಿನ ಚಕ್ರವನ್ನು ಮೊದಲು ಕೂದಲೆಳೆಯಷ್ಟು ಬಲಕ್ಕೆ ತಿರುಗಿಸುತ್ತಿದೆ. ಚಕ್ರ ಬಲಕ್ಕೆ ಜರುಗಿದಾಗ ಗಾಡಿಯ ಮೈ ಎಡಕ್ಕೆ ಬೀಳತೊಡಗುತ್ತದೆ. ಬೀಳುವುದಕ್ಕೆ ಶುರುವಾದೊಡನೆ ಚಕ್ರ ತಾನೇ ಎಡಕ್ಕೆ ತಿರುಗಿ, ಬೀಳುತ್ತಿರುವ ಮೈಯ ಕೆಳಗೆ ಓಡಿಬಂದು, ಹಿಡಿದು ನಿಲ್ಲಿಸುತ್ತದೆ. ಅಂಗೈ ಮೇಲೆ ಕೋಲು ನಿಲ್ಲಿಸುವ ಹುಡುಗ ಕೋಲು ವಾಲಿದತ್ತಲೇ ಕೈ ಓಡಿಸುತ್ತಾನಲ್ಲ, ಅದೇ ಆಟ. ಪ್ರತಿ ತಿರುವಿನಲ್ಲೂ ನಾವು ಬೇಕೆಂದೇ ಬೀಳಲು ಶುರುಮಾಡಿ, ಅರ್ಧ ದಾರಿಯಲ್ಲಿ ಬೀಳುವುದನ್ನು ಕೈಬಿಡುತ್ತೇವೆ. ಇಷ್ಟು ವರ್ಷ ಹೀಗೇ ಮಾಡಿಕೊಂಡು ಬಂದಿದ್ದೇನೆ, ನನಗೆ ಸುದ್ದಿಯೇ ಇಲ್ಲ!

ಸುದ್ದಿ ಇಲ್ಲದವನು ನಾನೊಬ್ಬನೇ ಅಲ್ಲ. ವಿಮಾನ ಹಾರಿಸುವ ಮೊದಲು ಅಮೆರಿಕದ ಡೇಟನ್ನಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸಹೋದರರಲ್ಲಿ ಹಿರಿಯನಾದ ವಿಲ್ಬರನಿಗೆ ಇದು ಹೊಳೆದಿತ್ತು. ಎಡಕ್ಕೆ ಹೇಗೆ ತಿರುಗುತ್ತೀರಿ ಎಂದು ಎಷ್ಟೋ ಸವಾರರನ್ನು ಆತ ಕೇಳಿ ನೋಡಿದ. ಮೊದಲ ಸಲಕ್ಕೆ ಪೂರ್ತಿ ಸರಿಯಾದ ಉತ್ತರ ಕೊಟ್ಟವರು ಒಬ್ಬರೂ ಸಿಗಲಿಲ್ಲ. ಎಲ್ಲರೂ ಮಾಡುತ್ತಿದ್ದುದು ಮಾತ್ರ ಸರಿಯಾಗಿಯೇ. ಬಾಯಿ ಒಂದು ಹೇಳುತ್ತದೆ, ಕೈ ಅದಕ್ಕೆ ಉಲ್ಟಾ ಮಾಡುತ್ತದೆ, ಜೀವ ಉಳಿದಿರುವುದು ಕೈ ಬಾಯಿಯ ಮಾತು ಕೇಳದೆ ಇರುವುದರಿಂದ.

ಮೋಟಾರ್ ಸೈಕಲ್ಲಿನ ಮೂಲಪುರುಷರಿಗೂ ಎರಡು ಚಕ್ರದ ಮೇಲೆ ಪೂರ್ಣ ಭರವಸೆ ಇರಲಿಲ್ಲವೆಂದು ಕಾಣುತ್ತದೆ. 1885ರಲ್ಲಿ ಜರ್ಮನಿಯ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೈಬಾಕ್ ಮರದ ಚೌಕಟ್ಟಿಗೆ ಅರ್ಧ ಕುದುರೆ ಶಕ್ತಿಯ ಎಂಜಿನ್ ಕೂರಿಸಿದಾಗ, ಆಚೆ ಈಚೆ ಎರಡು ಪುಟ್ಟ ಆಸರೆ ಚಕ್ರಗಳನ್ನೂ ಜೋಡಿಸಿದ್ದರು. ಮುಂದೆ ಆ ಆಸರೆ ಬಿದ್ದುಹೋಯಿತು, ಗಾಡಿ ಬೀಳಲಿಲ್ಲ. ಯಾಕೆ ಬೀಳಲಿಲ್ಲ? ತಿರುಗುವ ಚಕ್ರಕ್ಕೆ ಬುಗುರಿಯಂತೆ ನಿಲ್ಲುವ ಗುಣ ಇದೆ, ಅದೇ ಕಾರಣ ಅಂತ ಬಹಳ ಕಾಲ ನಂಬಿದ್ದರು. ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದೂ ಅದನ್ನೇ. ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ವಿಜ್ಞಾನಿ ಈ ನಂಬಿಕೆಯನ್ನು ಪರೀಕ್ಷಿಸಲು ಸೈಕಲ್ಲಿಗೆ ಉಲ್ಟಾ ತಿರುಗುವ ಇನ್ನೊಂದು ಚಕ್ರ ಕಟ್ಟಿ ಬುಗುರಿಯ ಗುಣವನ್ನೇ ರದ್ದು ಮಾಡಿದ. ಹಾಗೂ ಅದನ್ನು ಓಡಿಸಬಹುದಾಗಿತ್ತು. 1970ರಲ್ಲಿ ಅದನ್ನು ಬರೆದು ಪ್ರಕಟಿಸಿದ. ಮುಂದಿನ ಚಕ್ರ ನೆಲ ಮುಟ್ಟುವ ಜಾಗ ಹ್ಯಾಂಡಲಿನ ಓರೆ ಗೆರೆಗಿಂತ ಕೊಂಚ ಹಿಂದಿರುತ್ತದೆ, ಗುಟ್ಟು ಅಲ್ಲಿದೆ ಎಂದ. ಅದೂ ಪೂರ್ತಿ ನಿಲ್ಲಲಿಲ್ಲ. 2011ರಲ್ಲಿ ಅಮೆರಿಕದ ಮತ್ತು ನೆದರ್ಲೆಂಡ್ಸಿನ ಸಂಶೋಧಕರು ಈ ಎರಡು ಗುಣಗಳೂ ಇಲ್ಲದ ಸೈಕಲ್ಲೊಂದನ್ನು ಕಟ್ಟಿ, ಸವಾರನಿಲ್ಲದೆ ತಳ್ಳಿಬಿಟ್ಟು, ತಾನಾಗಿ ನೆಟ್ಟಗೆ ಓಡುವುದನ್ನು ತೋರಿಸಿದರು. ಬೀಳುವತ್ತಲೇ ತಿರುಗಬೇಕು ಎಂಬುದಷ್ಟು ಗಟ್ಟಿ. ಹಾಗೆ ತಿರುಗಿಸುವ ಕಾರಣಗಳು ಹಲವು, ಒಂದಕ್ಕೊಂದು ಹೆಣೆದುಕೊಂಡಿವೆ, ಯಾವುದೊಂದನ್ನೂ ಬೊಟ್ಟು ಮಾಡಿ ಇದೇ ಎನ್ನುವಂತಿಲ್ಲ. ಚಂದ್ರನ ಮೇಲೆ ಮನುಷ್ಯ ಇಳಿದು ನಾಲ್ಕು ದಶಕ ಕಳೆದ ಮೇಲೂ ಹಾಲಿನವನ ಸೈಕಲ್ಲಿನ ಬಗ್ಗೆ ಪ್ರಬಂಧ ಬರೆಯುವುದು ಬಾಕಿಯಿತ್ತು ಅನ್ನುವುದು ನನಗಂತೂ ಬಹಳ ಖುಷಿ ಕೊಟ್ಟ ಸಂಗತಿ.

ಆಗುಂಬೆ ಘಾಟಿಗೆ ಹೋದದ್ದು ಮಳೆ ನಿಂತ ಮೇಲೆ. ಸೋಮೇಶ್ವರದ ಕಡೆಗೆ ಇಳಿಯುವ 14 ಹೇರ್‌ಪಿನ್ ತಿರುವುಗಳು. ಒಂದು ತಿರುವಿನಲ್ಲಿ ನಾನು ವಾಲಿಕೊಂಡು ಬರುವಾಗ ಮುಂದೆ ಒಬ್ಬರು ಹಳೆಯ ಟಿವಿಎಸ್ ಎಕ್ಸೆಲ್ಲಿನಲ್ಲಿ ಹಿಂದೆ ಗೊಬ್ಬರದ ಚೀಲ ಹೇರಿಕೊಂಡು ಇಳಿಯುತ್ತಿದ್ದರು. ಇಬ್ಬರದೂ ಒಂದೇ ವೇಗ, ಒಂದೇ ತಿರುವು. ಅವರ ಗಾಡಿ ವಾಲಿದಷ್ಟೇ ನನ್ನದೂ ವಾಲಿತ್ತು. ಲೆಕ್ಕ ಹಾಕಿ ನೋಡಿದರೂ ಅಷ್ಟೇ. ತಿರುವಿನ ತ್ರಿಜ್ಯ 15 ಮೀಟರ್, ವೇಗ ಗಂಟೆಗೆ 30 ಕಿಲೋಮೀಟರ್ ಎಂದಿಟ್ಟುಕೊಂಡರೆ ಸುಮಾರು 25 ಡಿಗ್ರಿ ವಾಲಬೇಕು. ಆ ಲೆಕ್ಕದಲ್ಲಿ ವೇಗ ಬರುತ್ತದೆ, ತಿರುವು ಬರುತ್ತದೆ, ಭೂಮಿಯ ಸೆಳೆತ ಬರುತ್ತದೆ. ತೂಕ ಬರುವುದೇ ಇಲ್ಲ. ಟೈರಿನ ದಪ್ಪದಿಂದಾಗುವ ಚೂರುಪಾರು ವ್ಯತ್ಯಾಸ ಬಿಟ್ಟರೆ, ನನ್ನ ನಲವತ್ತು ಕುದುರೆಗಳಿಗೂ ಅವರ ಗೊಬ್ಬರದ ಚೀಲಕ್ಕೂ ಘಾಟಿ ಒಂದೇ ಕೋನ ಕೇಳಿತು. ಕೆಳಗೆ ಬಂದು ಅವರು ಟೀ ಅಂಗಡಿ ಮುಂದೆ ನಿಂತರು, ನಾನೂ ನಿಂತೆ. ಅವರು ಕೇಳಿದ್ದು ಮೈಲೇಜು. ಅವರದರ ಮೈಲೇಜು ಕೇಳಿ ನಾನು ತೆಪ್ಪಗೆ ಟೀ ಕುಡಿದೆ.

ಇನ್ನು ಟ್ಯಾಂಕಿನ ಕೆಳಗೆ, ಮೊಣಕಾಲುಗಳ ನಡುವೆ ನಡೆಯುವ ವ್ಯಾಪಾರ. ಹೆದ್ದಾರಿಯಲ್ಲಿ ಎಂಜಿನ್ ನಿಮಿಷಕ್ಕೆ 4,800 ಸುತ್ತು ತಿರುಗುತ್ತಿದೆ ಅನ್ನಿ. ಸೆಕೆಂಡಿಗೆ 80 ಸುತ್ತು. ಪಿಸ್ಟನ್ ಪ್ರತಿ ಸುತ್ತಿನಲ್ಲಿ ಎರಡು ಸಲ, ಮೇಲೊಮ್ಮೆ ಕೆಳಗೊಮ್ಮೆ, ಪೂರ್ತಿ ನಿಂತು ದಿಕ್ಕು ಬದಲಿಸಬೇಕು. ಅಂದರೆ ಸೆಕೆಂಡಿಗೆ 160 ಸಲ ನಿಲ್ಲುತ್ತದೆ, 160 ಸಲ ಹೊರಡುತ್ತದೆ. ಅಷ್ಟರಲ್ಲಿ 40 ಸಲ ಬೆಂಕಿ. ಒಳಗಿನ ಉರಿಯ ಶಾಖ 2,000 ಡಿಗ್ರಿ ದಾಟುತ್ತದೆ. ಪಿಸ್ಟನ್ ಮಾಡಿರುವುದು ಅಲ್ಯೂಮಿನಿಯಂ ಮಿಶ್ರಲೋಹದಿಂದ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ! ಬೆಂಕಿ ಇರುವುದು ಕ್ಷಣದ ಚೂರಿನಷ್ಟು ಹೊತ್ತು. ಪಿಸ್ಟನ್ ಆ ಬಿಸಿಯನ್ನು ಆಯಿಲ್ಲಿಗೂ ಸಿಲಿಂಡರ್ ಗೋಡೆಗೂ, ಗೋಡೆಯಾಚೆಯ ನೀರಿಗೂ ದಾಟಿಸುತ್ತದೆ. ಮರುಗಳಿಗೆಯಲ್ಲಿ ತಣ್ಣನೆಯ ಗಾಳಿ ಒಳನುಗ್ಗುತ್ತದೆ. ಕರಗಿಹೋಗಬೇಕಾದದ್ದು ಕರಗದೆ ಇರುವುದು ಇಷ್ಟು ಕಡಿಮೆ ಹೊತ್ತಿನ ಅಂತರದಲ್ಲಿ. ನಾನು ಮೇಲೆ ಕೂತು ಮಧ್ಯಾಹ್ನ ಹಾಸನದಲ್ಲಿ ಊಟ ಎಲ್ಲಿ ಮಾಡುವುದು ಅಂತ ಯೋಚಿಸುತ್ತಿರುತ್ತೇನೆ.

ತಿಳಿದಷ್ಟೂ ಬೆರಗು ಕರಗುತ್ತದೆ ಅನ್ನುವವರ ಜೊತೆ ನನಗೆ ಜಗಳವಿದೆ. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಗಾಡಿಗಳನ್ನು ಮಾಡುತ್ತಿತ್ತು. ಚಿಕ್ಕಪ್ಪನ ಯೆಜ್ಡಿ ಅಲ್ಲಿಯದೇ. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ತಿರುಗಿಸಿದರೆ ಅದು ಗೇರ್ ಲಿವರ್ ಆಗುತ್ತಿತ್ತು. ಹುಡುಗನಾಗಿದ್ದಾಗ ಅದು ನನಗೆ ಯಕ್ಷಿಣಿ. ದೊಡ್ಡವನಾದ ಮೇಲೆ ಬಿಚ್ಚಿಟ್ಟ ಎಂಜಿನ್ನಿನಲ್ಲಿ ಒಂದೇ ಅಕ್ಷದೊಳಗೆ ಇನ್ನೊಂದು ಅಕ್ಷ ಕೂತದ್ದನ್ನು ನೋಡಿದೆ, ಯಕ್ಷಿಣಿ ಇನ್ನೂ ಗಟ್ಟಿಯಾಯಿತು. ಹೊಸದರಲ್ಲಿ ಕಿಕ್ಕರ್ರೂ ಇಲ್ಲ, ಆಕ್ಸಲರೇಟರಿನಿಂದ ಎಂಜಿನ್ನಿಗೆ ಕೇಬಲ್ಲೂ ಇಲ್ಲ. ನನ್ನ ಮುಷ್ಟಿ ಎಷ್ಟು ತಿರುಗಿತು ಎಂಬ ವರದಿ ತಂತಿಯಲ್ಲಿ ಹೋಗಿ, ಎಷ್ಟು ಗಾಳಿ ಬಿಡಬೇಕೆಂದು ಒಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ಚಿಕ್ಕಪ್ಪ ಇದನ್ನು ಕೇಳಿ, ‘ಹಂಗಾದ್ರೆ ಓಡಿಸೋದು ನೀನಲ್ಲ ಬಿಡು’ ಅಂದರು. ಅವರ ಮಾತಿನಲ್ಲಿ ಹುರುಳಿದೆ, ಆದರೆ ಅಷ್ಟೂ ನಿಜವಲ್ಲ. ಯೆಜ್ಡಿಯನ್ನು ತಿರುಗಿಸುವಾಗಲೂ ಅವರಿಗೆ ಗೊತ್ತಿಲ್ಲದಂತೆ ಅವರ ಎಡಗೈ ಮುಂದಕ್ಕೇ ತಳ್ಳುತ್ತಿತ್ತಲ್ಲ.

ಬೆರಗನ್ನು ಕೊಲ್ಲುವುದು ತಿಳಿವಳಿಕೆಯಲ್ಲ, ರೂಢಿ. ಅದು ಈಗಾಗಲೇ ಕೆಲಸ ಶುರುಮಾಡಿದೆ. ಮೊದಮೊದಲು ಗೇರ್ ಬದಲಿಸುವಾಗ ಪಾದಕ್ಕೆ ಗೊತ್ತಾಗುತ್ತಿತ್ತು, ಈಗ ಗೊತ್ತಾಗುವುದಿಲ್ಲ. ಗೇಟಿನಿಂದ ಹೊರತರುವಾಗ ಗಾಡಿ ಎಲ್ಲಿ ಹಗುರಾಗುತ್ತದೆ ಎಂಬುದನ್ನು ಸೊಂಟ ಕಲಿತುಬಿಟ್ಟಿದೆ. ಇನ್ನು ಕೆಲವೇ ದಿನಕ್ಕೆ ಹಾಲು ತರಲು ಇದರಲ್ಲೇ ಹೋಗಿ, ಹೋದದ್ದೇ ನೆನಪಿಲ್ಲದೆ ವಾಪಸ್ ಬರುತ್ತೇನೆ. ಹಾಗಾಗದೆ ಇದ್ದರೆ ಓಡಿಸುವುದಕ್ಕೂ ಆಗುವುದಿಲ್ಲ ಅನ್ನಿ. ಪ್ರತಿ ತಿರುವಿನಲ್ಲೂ ಕೈಯನ್ನು ನೋಡುತ್ತ ಕೂತರೆ ಎದುರಿನ ಬಸ್ಸು ಕಾಣಬೇಕಲ್ಲ.

ಫಸ್ಟ್ ಸರ್ವಿಸಿಗೆ ಬಿಟ್ಟಾಗ ಜಾಬ್ ಕಾರ್ಡ್ ಹಿಡಿದ ಹುಡುಗ, ‘ಏನಾದ್ರೂ ಕಂಪ್ಲೇಂಟ್ ಇದ್ಯಾ ಸಾರ್?’ ಅಂದ.

‘ಏನಿಲ್ಲಪ್ಪ. ಅರವತ್ತರಲ್ಲಿ ಹೋಗ್ತಾ ಇರುವಾಗ ಎಡಕ್ಕೆ ಹೆಂಗೆ ತಿರುಗಿಸ್ತೀಯ ನೀನು?’

ಅವನು ನನ್ನನ್ನು ಒಂದು ಥರ ನೋಡಿದ. ‘ಎಡಕ್ಕೆ ತಿರುಗಿಸಿದ್ರೆ ಎಡಕ್ಕೆ ಹೋಗುತ್ತೆ ಸಾರ್. ಯಾಕೆ, ಹ್ಯಾಂಡಲ್ ಏನಾದ್ರೂ ಎಳೀತಿದ್ಯಾ?’

ಇಲ್ಲ ಅಂದೆ. ಆದರೂ ಅನುಮಾನ ಬಂದು ಟೆಸ್ಟ್ ರೈಡಿಗೆ ಹೊರಟ. ರಸ್ತೆಗಿಳಿದು ವೇಗ ಹಿಡಿದು, ದೂರದ ತಿರುವಿನಲ್ಲಿ ಎಡಕ್ಕೆ ಹಾಯಾಗಿ ವಾಲಿ ಮರೆಯಾದ. ಎಡಗೈ ಮುಂದಕ್ಕೆ ಹೋದದ್ದು ಇಷ್ಟು ದೂರಕ್ಕೆ ಕಾಣುವಂತಿರಲಿಲ್ಲ. ವಾಪಸ್ ಬಂದು ಸ್ಟ್ಯಾಂಡ್ ಹಾಕಿ ಕಾರ್ಡಿನಲ್ಲಿ ಏನೋ ಗೀಚಿದ. ‘ಸ್ಟ್ರೈಟ್ ಇದೆ ಸಾರ್, ಏನೂ ಪ್ರಾಬ್ಲಮ್ ಇಲ್ಲ. ಆಯಿಲ್, ಫಿಲ್ಟರ್ ಚೇಂಜ್ ಮಾಡಿ, ಚೈನ್ ಕ್ಲೀನ್ ಮಾಡಿ ಕೊಡ್ತೀವಿ. ನಾಲ್ಕು ಗಂಟೆಗೆ ಬನ್ನಿ.’