ದೂರದೃಷ್ಟಿಯ ಋಣ

ತಿಳಿವು ಮನುಷ್ಯನಿಗೆ ಒದಗಿದ ಸಂಪತ್ತೋ, ಅವನು ತೀರಿಸಬೇಕಾದ ಋಣವೋ? ಪ್ರಶ್ನೆಯು ಪುರಾತನವಾದುದು. ಕೃತಕ ಉಪಗ್ರಹಗಳ ಈ ಯುಗದಲ್ಲಿ ಅದು ಮತ್ತೆ ನಮ್ಮೆದುರು ಬಂದು ನಿಂತಿದೆ.

೧೯೭೫ರ ಏಪ್ರಿಲ್ ೧೯ರಂದು ಭಾರತದ ಪ್ರಥಮ ಉಪಗ್ರಹವಾದ 'ಆರ್ಯಭಟ'ವು ಸೋವಿಯತ್ ರಾಕೆಟ್ಟಿನ ನೆರವಿನಿಂದ ಅಂತರಿಕ್ಷವನ್ನು ಸೇರಿತು. ಅದು ಸಿದ್ಧಗೊಂಡುದು ಬೆಂಗಳೂರಿನ ಪೀಣ್ಯದಲ್ಲಿ; ಆ ಕಾರ್ಯಕ್ಕೆ ನೇತಾರರಾದವರು ಉಡುಪಿಯ ಬಳಿಯ ಅದಮಾರಿನಲ್ಲಿ ಜನಿಸಿದ ಯು. ಆರ್. ರಾವ್ ಅವರು. ಇಂದು ಉಪಗ್ರಹವು ನಮ್ಮ ನಿತ್ಯಜೀವನದಲ್ಲಿ ಸದ್ದಿಲ್ಲದೆ ಬೆರೆತುಹೋಗಿದೆ. ಮನೆಯ ದೂರದರ್ಶನಕ್ಕೆ ಚಿತ್ರವನ್ನು ತರುತ್ತದೆ. ಪಯಣಿಗನಿಗೆ ದಾರಿಯನ್ನು ತೋರುತ್ತದೆ. ಕಡಲಿನ ಶಾಖವನ್ನೂ ಬಣ್ಣವನ್ನೂ ಅಳೆದು, ಮೀನು ದೊರೆಯುವ ತಾಣದ ಸುಳಿವನ್ನು ಬೆಸ್ತರಿಗೆ ನೀಡುತ್ತದೆ.

ಇವೆಲ್ಲಕ್ಕಿಂತ ಹಿರಿದಾದ ಉಪಕಾರವೆಂದರೆ ಚಂಡಮಾರುತದ ಮುನ್ಸೂಚನೆ. ಸಮಭಾಜಕ ವೃತ್ತದ ಮೇಲೆ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹವು, ಭೂಮಿಯು ತನ್ನ ಸುತ್ತ ತಾನು ತಿರುಗುವಷ್ಟೇ ಕಾಲದಲ್ಲಿ ಒಂದು ಪ್ರದಕ್ಷಿಣೆಯನ್ನು ಮುಗಿಸುತ್ತದೆ. ಆದುದರಿಂದ ಅದು ನಿಂತಲ್ಲೇ ನಿಂತಂತೆ ತೋರುತ್ತದೆ. ಒಂದೇ ಭೂಭಾಗವನ್ನು ಹಗಲಿರುಳೂ ನೋಡುತ್ತಿರುತ್ತದೆ. ಕತ್ತಲೆಯಲ್ಲಿಯೂ ಮೋಡಗಳ ಶಾಖವನ್ನು ಗುರುತಿಸಿ ಬಿರುಗಾಳಿಯ ನಡೆಯನ್ನು ತಿಳಿಸುತ್ತದೆ.

ಆದರೆ ಕಂಡ ಮಾತ್ರಕ್ಕೆ ಕಾಪಾಡಿದಂತಾಯಿತೇ? ೧೯೯೯ರ ಅಕ್ಟೋಬರ್ ೨೯ರಂದು ಒಡಿಶಾದ ಕರಾವಳಿಗೆ ಮಹಾಚಂಡಮಾರುತವು ಅಪ್ಪಳಿಸಿತು. ಅದು ಬರುತ್ತಿರುವುದನ್ನು ಉಪಗ್ರಹವು ಕಂಡಿತ್ತು, ಎಚ್ಚರಿಕೆಯೂ ಹೊರಟಿತ್ತು. ಆದರೂ ಸುಮಾರು ಹತ್ತು ಸಾವಿರ ಜನರು ಅಸುನೀಗಿದರು. ೨೦೧೩ರ ಅಕ್ಟೋಬರ್ ೧೨ರಂದು ಅದೇ ರಾಜ್ಯದ ಗೋಪಾಲಪುರದ ಬಳಿ 'ಫೈಲಿನ್' ಎಂಬ ಪ್ರಬಲ ಚಂಡಮಾರುತವು ಅಪ್ಪಳಿಸಿತು. ಅಷ್ಟರೊಳಗೆ ಹತ್ತು ಲಕ್ಷದಷ್ಟು ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಗಿತ್ತು. ಮೃತರ ಸಂಖ್ಯೆ ನೂರನ್ನು ಮುಟ್ಟಲಿಲ್ಲ.

ಈ ಅಂತರಕ್ಕೆ ಕಾರಣವೇನು? ಮುನ್ಸೂಚನೆಯು ಮೊದಲಿಗಿಂತ ನಿಖರವಾಗಿತ್ತೆಂಬುದು ನಿಜ. ಆದರೆ ಅದಷ್ಟೇ ಅಲ್ಲ. ನಡುವಣ ವರ್ಷಗಳಲ್ಲಿ ಕರಾವಳಿಯುದ್ದಕ್ಕೂ ಆಶ್ರಯಮಂದಿರಗಳು ಎದ್ದಿದ್ದವು. ಹಳ್ಳಿಗಳಲ್ಲಿ ಸ್ವಯಂಸೇವಕರು ತರಬೇತಿ ಪಡೆದಿದ್ದರು. ಬಡವನಿಗೆ ಗುಡಿಸಲು, ಕರು, ಕಾಳು ಇವೇ ಸರ್ವಸ್ವ. ಅವನ್ನು ಬಿಟ್ಟು ಹೊರಡೆಂದು ಆಗಸದ ಯಂತ್ರವು ಅವನನ್ನು ಒಪ್ಪಿಸಲಾರದು. ಬಾಗಿಲಿಗೆ ಬಂದು ನಿಂತ ಪರಿಚಿತನ ಮಾತನ್ನು ಅವನು ನಂಬುತ್ತಾನೆ. ಮುದಿತಾಯಿಯನ್ನು ಎತ್ತಿಕೊಳ್ಳಲು ಹೆಗಲು ಕೊಡುವವನೊಡನೆ ಹೊರಡುತ್ತಾನೆ.

ಮೂವತ್ತಾರು ಸಾವಿರ ಕಿಲೋಮೀಟರಿನ ದೂರವನ್ನು ವಿಜ್ಞಾನವು ಕ್ಷಣಾರ್ಧದಲ್ಲಿ ದಾಟಿಸಿತು. ಉಳಿದುದು ನೆರೆಮನೆಯ ಹೊಸ್ತಿಲಿನವರೆಗಿನ ಕೆಲವೇ ಹೆಜ್ಜೆಗಳು. ಅವನ್ನು ಇಡಬೇಕಾದವನು ಮನುಷ್ಯನೇ. ಯಂತ್ರಕ್ಕೆ ಋಣವಿಲ್ಲ, ಏಕೆಂದರೆ ಅದಕ್ಕೆ ತಾನು ಕಂಡುದರ ಅರಿವಿಲ್ಲ. ಕಂಡುದರ ಅರ್ಥವನ್ನು ತಿಳಿದವನಿಗೇ ಋಣ. ತಿಳಿಯದೆ ಸುಮ್ಮನಿದ್ದವನನ್ನು ಲೋಕವು ಕ್ಷಮಿಸೀತು. ತಿಳಿದೂ ಸುಮ್ಮನಿದ್ದವನನ್ನು ಅವನ ಅಂತರಂಗವೇ ಕ್ಷಮಿಸದು. ಆದುದರಿಂದ ಅರಿವು ಹಿರಿದಾದಷ್ಟೂ ಆಚಾರದ ಹೊಣೆಯೂ ಹಿರಿದಾಗುತ್ತದೆ.

ಈ ಹೊಣೆಯು ವಿಜ್ಞಾನಿಗಳಿಗೂ ಅಧಿಕಾರಿಗಳಿಗೂ ಮಾತ್ರ ಸೇರಿದುದೆಂದು ಸದ್ಭಕ್ತರು ಭಾವಿಸಬಾರದು. ನೆರೆಯ ಎಚ್ಚರಿಕೆಯನ್ನೋ ಸಿಡಿಲಿನ ಎಚ್ಚರಿಕೆಯನ್ನೋ ನಮ್ಮ ಕಿವಿ ಕೇಳಿದ ಕ್ಷಣದಿಂದ ನಾವೂ ತಿಳಿದವರ ಸಾಲಿಗೆ ಸೇರಿದೆವು. ನಮ್ಮ ಬಾಗಿಲನ್ನು ಭದ್ರಪಡಿಸುವ ಮೊದಲು ನೆರೆಯವನ ಬಾಗಿಲನ್ನು ತಟ್ಟಿದರೆ, ಆ ಋಣದಲ್ಲಿ ನಮ್ಮ ಪಾಲು ತೀರಿದಂತೆ.